ಅಳಿಸಿದ್ದನ್ನು ಅಳಿಸುವ ಕ್ರಮ

ಹಳೆಯ ಕಂಪ್ಯೂಟರನ್ನು ಪ್ರಾರ್ಥನಾ ಮಂದಿರದ ವಾಚನಾಲಯಕ್ಕೆ ಕೊಟ್ಟುಬಿಡುವುದೆಂದು ತೀರ್ಮಾನವಾದಾಗ ಆ ಮನೆಯಲ್ಲಿ ಯಾರಿಗೂ ಬಚ್ಚಿಡುವಂಥದ್ದು ಏನೂ ಇರಲಿಲ್ಲ. ಹಾಗೆಂದು ಎಲ್ಲರೂ ಹೇಳಿದರು. ಯಾರೂ ಕೇಳದಿದ್ದರೂ ಹೇಳಿದರು.

ಮಗ ತನ್ನದೇನೂ ಅದರಲ್ಲಿಲ್ಲವೆಂದ. ಆದರೂ ಕೊಡುವ ಮುಂಚೆ ಒಮ್ಮೆ ಪೂರ್ತಿ ಒರೆಸಿ ಕೊಡುವುದು ಒಳ್ಳೆಯದೆಂದ. ಸೊಸೆ ತನ್ನದೂ ಏನಿಲ್ಲವೆಂದಳು. ಆದರೆ ಒರೆಸುವುದಾದರೆ ಅರೆಬರೆ ಒರೆಸಬಾರದು, ಕೆಲಸ ಕಟ್ಟುನಿಟ್ಟಾಗಿರಬೇಕು ಎಂದಳು. ಎರಡು ಬೀದಿ ಆಚೆಯಿದ್ದ, ಮನೆಯ ಯಜಮಾನರ ಭಾವಮೈದುನ ಫೋನು ಮಾಡಿ, ತಾನು ಆಗೊಮ್ಮೆ ಈಗೊಮ್ಮೆ ಬಂದು ಪ್ರವಚನದ ಟಿಪ್ಪಣಿ ಬರೆದುಕೊಂಡದ್ದು ಬಿಟ್ಟರೆ ಬೇರೇನೂ ಇಲ್ಲ, ಆದರೂ ಕಾಲ ಕೆಟ್ಟಿರುವುದರಿಂದ ಸುತ್ತಿಗೆಯಲ್ಲಿ ಕುಟ್ಟಿ ಪುಡಿಮಾಡಿಯೇ ಕೊಡುವುದು ಸರಿ ಎಂದ. ಪುಡಿಯನ್ನು ವಾಚನಾಲಯದವರು ಏನು ಮಾಡಬೇಕು ಎಂಬುದನ್ನು ಅವನು ಯೋಚಿಸಿರಲಿಲ್ಲ.

ಮನೆಯ ಯಜಮಾನರು ಈ ಮೂವರ ಮಾತನ್ನೂ ಕೂತು ಕೇಳಿಸಿಕೊಂಡರು. ಅವರು ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಕೂದಲು ನರೆಯುವವರೆಗೆ ಕೆಲಸ ಮಾಡಿ ನಿವೃತ್ತರಾದವರು. ಮೊಹರು ಬೀಳದ ಕಾಗದವನ್ನು ಮುಟ್ಟಿದವರೂ ಅಲ್ಲ, ಮುಟ್ಟಗೊಟ್ಟವರೂ ಅಲ್ಲ; ಹಾಗಾಗಿ ಅಲ್ಲಿನ ಗುಮಾಸ್ತರು ಅವರಿಗೆ ಮೊಹರಪ್ಪ ಎಂದು ಹೆಸರಿಟ್ಟಿದ್ದರು. ಹೆಸರು ಅವರಿಗಿಂತ ಮುಂಚೆ ಮನೆ ಸೇರಿ, ಬೀದಿಗೂ ಹಬ್ಬಿತು. ಅವರಿಗೂ ಅದು ಒಳಗೊಳಗೇ ಇಷ್ಟವಾಗಿತ್ತು.

ಕಂಪ್ಯೂಟರು ಕೊಡಬೇಕೆಂಬುದು ಅವರ ಹೆಂಡತಿಯ ಆಸೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಆಕೆ ಹೇಳಿದ ಕೆಲವೇ ಮಾತುಗಳಲ್ಲಿ ಅದೂ ಒಂದು. ಆಕೆ ತೀರಿಕೊಂಡು ಒಂದು ಚಳಿಗಾಲ ಹೋಗಿ ಬೇಸಿಗೆ ಬಂದಿತ್ತು. ನಡುಮನೆಯ ಮೂಲೆಯಲ್ಲಿ ಆಕೆ ಹೆಣೆದ ನೂಲಿನ ಹೊದಿಕೆಯನ್ನು ಹೊದ್ದುಕೊಂಡು ಕಂಪ್ಯೂಟರು ಹಾಗೇ ಕೂತಿತ್ತು. ಮೊಹರಪ್ಪನವರು ದಿನವೂ ಹೊದಿಕೆ ತೆಗೆದು, ಧೂಳು ಒರೆಸಿ, ಮತ್ತೆ ಹೊದಿಸುತ್ತಿದ್ದರು. ಆಕೆ ಇದ್ದಾಗ ಇಬ್ಬರೂ ಬೆಳಿಗ್ಗೆ ದೇವರ ಮುಂದೆ ಕೂತು ಪ್ರಾರ್ಥನೆ ಹೇಳುವವರು. ಒಂದು ಸಾಲು ಇವರದು, ಮುಂದಿನ ಸಾಲು ಆಕೆಯದು. ಈಗ ಇವರು ತಮ್ಮ ಸಾಲು ಹೇಳಿ ನಿಲ್ಲುತ್ತಿದ್ದರು. ಮೊದಮೊದಲು ಆ ಮೌನದಲ್ಲಿ ಆಕೆಯ ದನಿ ತಾನಾಗಿ ಕಿವಿಗೆ ಬರುತ್ತಿತ್ತು. ಬರಬರುತ್ತಾ ದನಿ ಮಾಸತೊಡಗಿತು. ಪದಗಳಿದ್ದವು, ರಾಗವಿತ್ತು, ದನಿ ಮಾತ್ರ ಯಾರದೋ ಆಗಿತ್ತು. ಆಕೆಯ ಫೋಟೋಗಳು ಬೇಕಾದಷ್ಟಿದ್ದವು. ದನಿ ಎಲ್ಲೂ ಇರಲಿಲ್ಲ. ಯಾರಾದರೂ ಫೋನು ಹಿಡಿದು ಮಾತು ಹಿಡಿಯಲು ಹೋದರೆ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಈ ವಿಚಾರವನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಲ್ಲಿಗೆ, ಬಚ್ಚಿಡುವಂಥದ್ದು ಏನೂ ಇಲ್ಲದ ಆ ಮನೆಯಲ್ಲಿ ಅವರೂ ಒಬ್ಬರಾದರು.

ಮಗನ ಉದ್ಯೋಗ ಒಂದು ದೊಡ್ಡ ಕಂಪನಿಯಲ್ಲಿ ಗುಟ್ಟು ಕಾಯುವುದು. ಕಂಪನಿಯ ಮಾಹಿತಿ ಹೊರಗೆ ಸೋರದ ಹಾಗೆ ನೋಡಿಕೊಳ್ಳಬೇಕು, ಕೆಲಸಗಾರರನ್ನು ಕೂರಿಸಿಕೊಂಡು ಪಾಸ್‌ವರ್ಡ್ ಹೇಗಿರಬೇಕು, ಯಾರಿಗೆ ಏನು ಹೇಳಬಾರದು ಎಂದು ಪಾಠ ಮಾಡಬೇಕು. ಮನೆಯ ಕಂಪ್ಯೂಟರಿನ ಪಾಸ್‌ವರ್ಡನ್ನು ಮಾತ್ರ ಅವನೇ ಒಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿದ್ದ. ತನ್ನ ವಿದ್ಯೆಯನ್ನು ತೋರಿಸುವ ಅವಕಾಶ ಮನೆಯಲ್ಲಿ ಅಪರೂಪವಾದ್ದರಿಂದ ಅವನು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದ. ನಾವು ಫೈಲು ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ. ಕಂಪ್ಯೂಟರು ತನ್ನ ಸೂಚಿಯಲ್ಲಿ ಆ ಹೆಸರನ್ನು ಹೊಡೆದುಹಾಕುತ್ತದೆ, ಅಷ್ಟೇ. ಫೈಲು ಇದ್ದಲ್ಲೇ ಇರುತ್ತದೆ, ಅದರ ಜಾಗಕ್ಕೆ ಇನ್ನೊಂದು ಬಂದು ಕೂರುವ ತನಕ.

ಮೊಹರಪ್ಪನವರಿಗೆ ಇದು ಚೆನ್ನಾಗಿ ಅರ್ಥವಾಯಿತು. ಸೂಚಿಯಲ್ಲಿ ಗೀಟು ಎಳೆದು, ದಾಖಲೆಯ ಕಟ್ಟನ್ನು ಕಪಾಟಿನಲ್ಲೇ ಬಿಟ್ಟಂತೆ. ಅವರ ಕೋಣೆಯಲ್ಲಿ ಯಾವನಾದರೂ ಹಾಗೆ ಮಾಡಿದ್ದರೆ ಅವನನ್ನು ಅಂದೇ ಮನೆಗೆ ಕಳಿಸುತ್ತಿದ್ದರು.

ನಿಜವಾಗಿ ಅಳಿಸಬೇಕಾದರೆ ಡಿಸ್ಕಿನ ತುಂಬ ಸೊನ್ನೆ ಬರೆಯಬೇಕು, ಅದಕ್ಕೊಂದು ಪ್ರೋಗ್ರಾಂ ಇದೆ, ಒಂದು ಬೆಳಗಿನ ಕೆಲಸ ಎಂದ ಮಗ.

ಮೊಹರಪ್ಪನವರು, ಗೀಟು ಎಳೆದದ್ದನ್ನು ಮತ್ತೆ ಹುಡುಕಿ ತೆಗೆಯಲು ಬರುತ್ತದೆಯೇ ಎಂದು ಕೇಳಿದರು. ಕೇಳುವಾಗ ಅವರ ದನಿ ಸ್ವಲ್ಪ ಕೆಳಗಿಳಿದಿತ್ತು. ಮಗ ಅದನ್ನು ಗಮನಿಸಲಿಲ್ಲ. ಬರುತ್ತದೆ, ಅದಕ್ಕೂ ಪ್ರೋಗ್ರಾಂ ಇದೆ, ವರ್ಷಗಳ ಹಿಂದೆ ಎಸೆದದ್ದೂ ಒಮ್ಮೊಮ್ಮೆ ಎದ್ದು ಬರುತ್ತದೆ, ಇದರಲ್ಲಿ ಪ್ರತಿಯೊಬ್ಬರ ಖಾತೆಗೂ ಒಂದೊಂದು ಕಸದ ಬುಟ್ಟಿಯಿದೆ, ಯಾರ ಬುಟ್ಟಿಗೆ ಎಸೆದಿದ್ದರೋ ಅದನ್ನೂ ತೋರಿಸುತ್ತದೆ ಎಂದು ಎದೆ ಉಬ್ಬಿಸಿ ಹೇಳಿದ. ಅವನ ಜೀವಮಾನದಲ್ಲಿ ಅವನು ಮಾಡಿದ ದೊಡ್ಡ ಮಾಹಿತಿ ಸೋರಿಕೆ ಅದೇ.

"ಹಾಗಾದ್ರೆ ಎಲ್ಲಾನೂ ವಾಪಸ್ ತೆಗಿ," ಎಂದರು ಮೊಹರಪ್ಪನವರು. "ಕ್ರಮವಾಗಿ ನಾಶ ಮಾಡೋಣ."

"ಅಪ್ಪ, ಅಳಿಸೋದಕ್ಕೋಸ್ಕರ ಅಳಿಸಿದ್ದನ್ನ ವಾಪಸ್ ತರೋದಾ?"

"ಏನು ನಾಶ ಮಾಡ್ತಿದೀವಿ ಅಂತ ಗೊತ್ತಿಲ್ದೆ ಮಾಡಿದ್ರೆ ಅದು ನಾಶ ಅಲ್ಲಪ್ಪ, ಕಳ್ಳತನ."

ದಾಖಲೆ ಕೋಣೆಯಲ್ಲಿ ಹಳೆಯ ಕಡತ ನಾಶಮಾಡುವುದಕ್ಕೆ ಒಂದು ಕ್ರಮವಿತ್ತು. ಕಟ್ಟನ್ನು ಕೆಳಗಿಳಿಸಬೇಕು. ದಾರ ಬಿಚ್ಚಬೇಕು. ಹೊರಗಿನವರೊಬ್ಬರು ಸಾಕ್ಷಿಯಾಗಿ ಕೂರಬೇಕು. ಕಡತ ಯಾರದ್ದೋ ಅವರ ಹೆಸರನ್ನು ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕು, ಕಡತ ಏತರದ್ದೆಂದು ಓದಿ ಹೇಳಬೇಕು, ಆಕ್ಷೇಪಣೆ ಇದೆಯೇ ಎಂದು ಕೇಳಬೇಕು. ಇಲ್ಲವೆಂದಾದರೆ ಹರಿಯಬೇಕು. ಅಲ್ಲಿ ಕೂಗಿ ಕೂಗಿ ಮೊಹರಪ್ಪನವರ ಗಂಟಲಿಗೆ ಒಂದು ಗತ್ತು ಬಂದಿತ್ತು. ಗುಟ್ಟಾಗಿ ಉಳಿಯಬೇಕಾದ್ದನ್ನು ಗುಟ್ಟಾಗಿ ಉಳಿಸಲು ಈ ಕ್ರಮ ಅಷ್ಟೇನೂ ಹೇಳಿಮಾಡಿಸಿದ್ದಲ್ಲ ಎಂಬುದು ಅವರಿಗೆ ಆಗಲೂ ಹೊಳೆದಿರಲಿಲ್ಲ, ಈಗಲೂ ಹೊಳೆಯಲಿಲ್ಲ. ಬಹುಶಃ ಹೊಳೆಯುವುದು ಅವರಿಗೆ ಬೇಕಾಗಿರಲಿಲ್ಲ. ಆ ಪೆಟ್ಟಿಗೆಯ ತಳದಲ್ಲಿ ಎಲ್ಲಾದರೂ ಆಕೆಯ ದನಿಯ ಒಂದು ಚೂರು ಬಿದ್ದಿರಬಹುದೆಂಬ ಆಸೆ ಅವರನ್ನು ಹಿಡಿದಿತ್ತು. ಆಸೆಗೆ ಮೊಹರು ಒತ್ತಿದರೆ ಅದು ನಿಯಮದಂತೆಯೇ ಕಾಣುತ್ತದೆ.

ಮಗ ಎರಡು ದಿನ ಪ್ರೋಗ್ರಾಂ ಓಡಿಸಿದ. ರಜೆಯ ದಿನ ಬೆಳಿಗ್ಗೆ ನಡುಮನೆಯಲ್ಲಿ ಕುರ್ಚಿಗಳು ಸಾಲಾಗಿ ಬಂದವು. ಕಂಪ್ಯೂಟರು ಒಯ್ಯಲೆಂದು ಬಂದ ವಾಚನಾಲಯದ ಮೇಲ್ವಿಚಾರಕಿಯನ್ನು ಮೊಹರಪ್ಪನವರು ಸಾಕ್ಷಿಯಾಗಿ ಕೂರಿಸಿದರು. ಆಕೆ ದಪ್ಪ ಕನ್ನಡಕದ, ಹೆಚ್ಚು ಮಾತಾಡದ ಹೆಂಗಸು. ತಾನು ಬರೀ ಕಂಪ್ಯೂಟರು ಒಯ್ಯಲು ಬಂದವಳು ಎಂದು ಹೇಳಿ ನೋಡಿದಳು. ಒಳ್ಳೆಯ ಕುರ್ಚಿಯನ್ನೇ ಕೊಟ್ಟದ್ದರಿಂದ ಮತ್ತೆ ಹೇಳಲಿಲ್ಲ. ಸೆಕೆಯಿತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಎದುರುಮನೆಯ ಟೈಲರ್ ತನ್ನ ಕಿಟಕಿಯ ಬಳಿ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಭಾವಮೈದುನನೂ ಬಂದ. ಸುತ್ತಿಗೆ ತಂದಿದ್ದ.

ಮೊದಲು ಮಗನ ಬುಟ್ಟಿ. ಮೊಹರಪ್ಪನವರು ಎದ್ದು ನಿಂತು ಮಗನ ಹೆಸರನ್ನು ಮೂರು ಸಲ ಕೂಗಿದರು. ಮಗ ಅಲ್ಲೇ ಮೂರು ಅಡಿ ದೂರದಲ್ಲಿ ಮೌಸು ಹಿಡಿದು ಕೂತಿದ್ದ. ಎದುರುಮನೆಯ ಹೊಲಿಗೆ ಯಂತ್ರ ಟಕ್ಕನೆ ನಿಂತಿತು.

ತೆರೆದದ್ದು ಒಂದು ಭಾಷಣ. ವರ್ಷದ ಅತ್ಯುತ್ತಮ ಕೆಲಸಗಾರ ಎಂಬ ಪ್ರಶಸ್ತಿ ಸ್ವೀಕರಿಸುವಾಗ ಮಾಡುವ ಭಾಷಣ. "ಈ ಗೌರವ ನನಗೆ ತೀರಾ ಅನಿರೀಕ್ಷಿತ" ಎಂದು ಶುರುವಾಗುತ್ತಿತ್ತು. ಅದರ ಹಿಂದೆ ಹಿಂದಿನ ವರ್ಷದ ಭಾಷಣವಿತ್ತು, ಅದರ ಹಿಂದೆ ಅದರ ಹಿಂದಿನದು. ಪ್ರತಿ ವರ್ಷವೂ ಗೌರವ ಅನಿರೀಕ್ಷಿತವಾಗಿಯೇ ಉಳಿದಿತ್ತು, ಏಕೆಂದರೆ ಅದು ಬಂದೇ ಇರಲಿಲ್ಲ. ಮೊದಲ ವರ್ಷದ ಭಾಷಣದಲ್ಲಿ ಧನ್ಯವಾದ ಹೆಂಡತಿಯಿಂದ ಆರಂಭವಾಗಿತ್ತು. ಎರಡನೆಯದರಲ್ಲಿ ಹೆಂಡತಿ ಕಂಪನಿಯ ಕಾರು ಚಾಲಕನ ನಂತರ ಬರುತ್ತಿದ್ದಳು. ಇತ್ತೀಚಿನದರಲ್ಲಿ ಕಾರು ಚಾಲಕ ಮಾತ್ರ ಇದ್ದ.

"ನಾನೆಲ್ಲಿ?" ಎಂದಳು ಸೊಸೆ.

ಅದು ಕರಡು, ಮುಗಿದಿಲ್ಲ ಎಂದ ಮಗ. ಆಕ್ಷೇಪಣೆ ಇದೆಯೇ ಎಂದು ಮೊಹರಪ್ಪನವರು ಕೇಳಿದರು. ಇದೆ, ಆದರೆ ಇಲ್ಲಿ ಹೇಳುವುದಲ್ಲ ಎಂದು ಸೊಸೆ ಕುರ್ಚಿಯನ್ನು ಗಂಡನಿಂದ ಒಂದು ಗೇಣು ದೂರ ಎಳೆದುಕೊಂಡಳು.

ಸೊಸೆಯ ಬುಟ್ಟಿ ತೆರೆದಾಗ ಒಂದು ಮನೆಯ ನಕ್ಷೆ ಬಂತು. ಅವಳು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು, ನಕ್ಷೆ ಅಂದವಾಗಿತ್ತು. ಬಾಡಿಗೆಗೆ ನೋಡಿಟ್ಟ ಒಂದು ಚಿಕ್ಕ ಮನೆ, ಊರಿನ ಇನ್ನೊಂದು ತುದಿಯಲ್ಲಿ. ಮಲಗುವ ಕೋಣೆಗೆ ಬಣ್ಣ ತುಂಬಿದ್ದಳು, ಅಡುಗೆಮನೆಯ ಕಿಟಕಿಗೆ ಪರದೆ ಹಾಕಿದ್ದಳು, ಚಪ್ಪಲಿ ಬಿಡುವುದಕ್ಕೂ ಒಂದು ಜಾಗ ಗುರುತು ಮಾಡಿದ್ದಳು. ಮೊಹರಪ್ಪನವರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಕೋಣೆಯ ಹೆಸರನ್ನು ಗಟ್ಟಿಯಾಗಿ ಓದಿದರು. ಓದುತ್ತಾ ಹೋಗಿ ಕೋಣೆಗಳು ಮುಗಿದವು. ತಮ್ಮ ಕೋಣೆ ಎಲ್ಲೂ ಸಿಗಲಿಲ್ಲ.

ಸೊಸೆಯ ಮುಖ ಕೆಂಪಾಯಿತು. ಮೊಹರಪ್ಪನವರು ಮಾತ್ರ, ಕಚೇರಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ, "ಆಕ್ಷೇಪಣೆ ಇಲ್ಲ" ಎಂದರು. ಹೇಳಿಯಾದ ಮೇಲೆ ಲೋಟ ಎತ್ತಿ ನೀರು ಕುಡಿದರು.

ಈ ಹೊತ್ತಿಗೆ ಭಾವಮೈದುನ ತನಗೆ ಮಂದಿರದಲ್ಲಿ ತುರ್ತು ಕೆಲಸವಿರುವುದನ್ನು ನೆನಪು ಮಾಡಿಕೊಂಡಿದ್ದ. ಕ್ರಮ ಮುಗಿಯುವ ತನಕ ಕದಲುವಂತಿಲ್ಲ ಎಂದು ಮೊಹರಪ್ಪನವರು ಅವನನ್ನು ಕೂರಿಸಿದರು. ಅವನು ವಾರಕ್ಕೊಮ್ಮೆ ಮಂದಿರದಲ್ಲಿ ಅಹಂಕಾರ ತ್ಯಾಗದ ಬಗ್ಗೆ ಪ್ರವಚನ ಮಾಡುವವನು. ಅದನ್ನು ತನ್ನಷ್ಟು ಚೆನ್ನಾಗಿ ಯಾರೂ ಮಾಡಲಾರರು ಎಂದು ಅವನೇ ಹೇಳುತ್ತಿದ್ದ.

ಅವನ ಬುಟ್ಟಿಯಲ್ಲಿದ್ದವು ಶ್ರದ್ಧಾಂಜಲಿಗಳು. ತೀರಿಕೊಂಡವನು ಅವನೇ. ಮಂದಿರದ ಅಧ್ಯಕ್ಷರು, ಹಳೆಯ ಶಿಷ್ಯರು, ಒಬ್ಬ ವೈದ್ಯರು, ಒಬ್ಬ ಹೂ ಮಾರುವವಳು, ಹೀಗೆ ಬೇರೆ ಬೇರೆಯವರ ಬಾಯಲ್ಲಿ ಅವನು ತನ್ನ ಅಗಲಿಕೆಗೆ ತಾನೇ ಕಣ್ಣೀರು ಹಾಕಿದ್ದ. ಹೂ ಮಾರುವವಳು ಸಂಸ್ಕೃತ ಪದಗಳನ್ನು ಧಾರಾಳವಾಗಿ ಬಳಸಿದ್ದಳು. ಮೊಹರಪ್ಪನವರ ಹೆಸರಿನದೂ ಒಂದಿತ್ತು. ನಿಯಮ ನಿಯಮವೇ ಆದ್ದರಿಂದ ತಾವು ಬರೆಯದ ತಮ್ಮ ಮಾತನ್ನು ಅವರು ಗಟ್ಟಿಯಾಗಿ ಓದಿದರು: "ನನ್ನ ಭಾವಮೈದುನರು ನನಗಿಂತ ಕಿರಿಯರಾದರೂ ಜ್ಞಾನದಲ್ಲಿ ಹಿರಿಯರು. ಅವರ ಮುಂದೆ ನಾನು ಸದಾ ಸಣ್ಣವನೆಂದು ತಿಳಿದಿದ್ದೆ."

ಎದುರು ಕಿಟಕಿಯಲ್ಲಿ ಯಾರೋ ಕೆಮ್ಮಿದರು.

ಭಾವಮೈದುನ ತಡಬಡಾಯಿಸಲಿಲ್ಲ. ಪ್ರವಚನದ ಅಭ್ಯಾಸ ಅವನ ಕೈಬಿಡಲಿಲ್ಲ. "ಭಾವ, ಅಂಥ ಸಮಯದಲ್ಲಿ ಜನಕ್ಕೆ ಮಾತೇ ಹೊರಡಲ್ಲ," ಎಂದ. "ಪಾಪ, ಅವರಿಗೆ ಸುಲಭ ಆಗ್ಲಿ ಅಂತ ನಾನೇ ಬರೆದಿಟ್ಟೆ. ಇದೂ ಒಂದು ಸೇವೆ."

"ನಿಮ್ಮಕ್ಕನ ಹೆಸರಲ್ಲೂ ಒಂದಿದೆ," ಎಂದಳು ಸೊಸೆ ಪರದೆಯತ್ತ ಬಾಗಿ. "ಅದೊಂದನ್ನ ಮಾತ್ರ ಅವರು ಹೋದ ಮೇಲೆ ಅಳಿಸಿದೀರಿ, ಯಾಕೆ?"

ಅವನು ಮೊದಲ ಸಲ ತಲೆ ತಗ್ಗಿಸಿದ. ಅಕ್ಕ ಈಗ ಅದನ್ನು ಓದುವ ಹಾಗಿಲ್ಲವಲ್ಲ ಎಂದ. ತಾನೇ ಮೊದಲು ಹೋಗುವೆನೆಂದು ಅವನು ಲೆಕ್ಕ ಹಾಕಿದ್ದ. ಅದು ತಮಾಷೆಯ ಮಾತಾಗಿ ಬಾಯಿಂದ ಹೊರಟು, ಅರ್ಧ ದಾರಿಯಲ್ಲಿ ತಮಾಷೆ ಬಿಟ್ಟುಹೋಯಿತು. ಮೊಹರಪ್ಪನವರು ಅದೊಂದನ್ನು ಓದದೆ ಮುಂದಕ್ಕೆ ಹೋಗಲು ಸನ್ನೆ ಮಾಡಿದರು. ಅವರ ಕ್ರಮದಲ್ಲಿ ಅದು ಮೊದಲ ಬಿರುಕು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಮೊಹರಪ್ಪನವರ ಬುಟ್ಟಿ ಖಾಲಿಯಿತ್ತು. ತಾವು ಯಾವ ಕಡತವನ್ನೂ ಎಂದೂ ಅಳಿಸಿದವರಲ್ಲ ಎಂದು ಅವರು ಸಾಕ್ಷಿಯ ಕಡೆ ತಿರುಗಿ ಹೇಳಿದರು. ಸಾಕ್ಷಿ ತಲೆಯಾಡಿಸಿದಳು.

ಇನ್ನು ಉಳಿದದ್ದು ಆಕೆಯ ಬುಟ್ಟಿ. ಕಂಪ್ಯೂಟರಿನಲ್ಲಿ ಅದರ ಹೆಸರು ಅಮ್ಮ ಎಂದಷ್ಟೇ ಇತ್ತು. ಮೊಹರಪ್ಪನವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ತೆರೆ ಎಂದರು.

ತೆರೆದರೆ ಅದರ ತುಂಬ ಅವರದೇ ಅರ್ಜಿಗಳು.

ವಿಷಯ ಹೀಗೆ. ನಿವೃತ್ತರಾದ ಮೇಲೆ ಮೊಹರಪ್ಪನವರಿಗೆ ಲೋಕದಲ್ಲಿ ಕ್ರಮ ತಪ್ಪಿದ ಸಂಗತಿಗಳು ಬಹಳ ಕಾಣತೊಡಗಿದವು. ಅವರು ದಿನವೂ ಹೆಂಡತಿಯ ಖಾತೆಯಲ್ಲೇ ಕೂತು ದೂರುಗಳನ್ನು ಟೈಪು ಮಾಡುತ್ತಿದ್ದರು. ಇಮೇಲು ಕಳಿಸುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಅದನ್ನು ಹೆಂಡತಿ ಸೊಸೆಯಿಂದ ಕಲಿತಿದ್ದಳು. ಇವರು ಬರೆದು ಎದ್ದರೆ ಆಕೆ ಬಂದು ಕೂತು, ಸ್ವಲ್ಪ ಹೊತ್ತು ಓದಿ, ಒಂದು ಗುಂಡಿ ಒತ್ತಿ, "ಕಳಿಸಿದೆ ಕಣ್ರೀ" ಎನ್ನುತ್ತಿದ್ದಳು. ಯಾವುದಕ್ಕೂ ಉತ್ತರ ಬರುತ್ತಿರಲಿಲ್ಲ. ಕಾಲ ಕೆಟ್ಟಿದೆ, ಕಚೇರಿಗಳಲ್ಲಿ ಉತ್ತರ ಬರೆಯುವ ಮರ್ಯಾದೆಯೂ ಹೋಯಿತು ಎಂದು ಮೊಹರಪ್ಪನವರು ಗೊಣಗುವರು. ಹೌದು, ಹೋಯಿತು ಎಂದು ಆಕೆ ಒಪ್ಪಿಕೊಂಡು ಸೊಪ್ಪು ಬಿಡಿಸಲು ಕೂರುವಳು. ಆ ಗುಂಡಿ ಯಾವುದೆಂಬುದು ಈಗ ತಿಳಿಯಿತು.

ನಿಲ್ಲಿಸೋಣವೇ ಎಂದು ಮಗ ಕೇಳಿದ. ಅವನ ದನಿಯಲ್ಲಿ ಕರುಣೆಯಿತ್ತು, ಆದರೆ ಕಣ್ಣಲ್ಲಿ ಇರಲಿಲ್ಲ. ಕ್ರಮ ಎಲ್ಲರಿಗೂ ಒಂದೇ ಎಂದು ಭಾವಮೈದುನ ನೆನಪಿಸಿದ. ಮೊಹರಪ್ಪನವರು ಪರದೆಯಿಂದ ಹಿಂದಕ್ಕೆ ಸರಿದದ್ದರಿಂದ ಓದುವ ಕೆಲಸ ಮಗನಿಗೆ ಬಂತು.

ಮೊದಲನೆಯದು ಎದುರುಮನೆಯ ಹೊಲಿಗೆ ಯಂತ್ರದ ಸದ್ದಿನ ಮೇಲೆ. ಮಗ ದನಿ ತಗ್ಗಿಸಿ ಓದಿದರೂ ಪ್ರಯೋಜನವಾಗಲಿಲ್ಲ. ಯಂತ್ರಕ್ಕೆ ಎಂದೋ ಎಣ್ಣೆ ಹಾಕಿಯಾಗಿದೆ, ಈಗ ಸದ್ದಿಲ್ಲವಲ್ಲ ಎಂದು ಟೈಲರ್ ಕಿಟಕಿಯಿಂದಲೇ ವಿನಯವಾಗಿ ಹೇಳಿದ. ಮುಂದಿನದು ಮಂದಿರದ ಸಮಿತಿಗೆ: ಪ್ರವಚನಗಳು ಇಷ್ಟು ಉದ್ದವಾದರೆ ದೇವರಿಗೂ ಕಾಲು ಜೋಮು ಹಿಡಿಯುತ್ತದೆ ಎಂದು. ಅದರ ಮುಂದಿನದು ವಾಚನಾಲಯದ ಮೇಲೆ. ಅಲ್ಲಿನ ಮೇಲ್ವಿಚಾರಕಿಯನ್ನು ಪುಸ್ತಕ ಕೇಳಿದರೆ ಆಕೆ ನಿದ್ದೆಯಿಂದ ಎಬ್ಬಿಸಿದವಳಂತೆ ನೋಡುತ್ತಾಳೆ, ಇಂಥವಳನ್ನು ಆ ಸ್ಥಾನದಲ್ಲಿ ಇಟ್ಟವರು ಯಾರು ಎಂದು ಅದರಲ್ಲಿ ಕೇಳಿತ್ತು.

ಸಾಕ್ಷಿ ಕನ್ನಡಕ ತೆಗೆದು ಒರೆಸಿಕೊಂಡಳು. "ನನ್ನ ಆಕ್ಷೇಪಣೆ ಏನಿಲ್ಲ," ಎಂದಳು. "ನೋಡೋದು ಹಾಗೇ. ಕಣ್ಣಿನ ತೊಂದ್ರೆ."

ಕೊನೆಯ ಅರ್ಜಿಯನ್ನು ಓದತೊಡಗಿದ ಮಗ ಎರಡು ಸಾಲಿಗೆ ನಿಂತುಬಿಟ್ಟ. ಅದು ಅವನ ಕಂಪನಿಯ ದೊಡ್ಡ ಸಾಹೇಬರಿಗೆ ಬರೆದದ್ದು. ತಮ್ಮ ಮಗನಷ್ಟು ನಿಷ್ಠೆಯಿಂದ ದುಡಿಯುವವನು ನಿಮ್ಮಲ್ಲಿ ಇನ್ನೊಬ್ಬನಿಲ್ಲ, ಅವನಿಗೆ ಪ್ರಶಸ್ತಿ ಕೊಡದೆ ವರ್ಷ ವರ್ಷವೂ ಯಾರ್ಯಾರಿಗೋ ಕೊಡುವುದರ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು ಎಂದು. ಅದು ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಮಗ ಹಣೆ ಒರೆಸಿಕೊಂಡ. ಅವನ ಅಪ್ಪ ಅವನನ್ನು ಎಂದೂ ಎದುರಿಗೆ ಹೊಗಳಿದವರಲ್ಲ.

ನಗಬೇಕೆಂದು ಕೂತವರು ನಗಲಿಲ್ಲ. ಮಗನೇ ಗಂಟಲು ಸರಿಮಾಡಿಕೊಂಡು, ಇನ್ನೊಂದಿದೆ ಎಂದ. ಅವನ ದನಿ ಬದಲಾಗಿತ್ತು. "ಇದು ಬರೆದದ್ದಲ್ಲ ಅಪ್ಪ. ದನಿ. ಅಮ್ಮ ರೆಕಾರ್ಡ್ ಮಾಡಿ, ಆಮೇಲೆ ಅಳಿಸಿದಾರೆ. ಆಸ್ಪತ್ರೆಗೆ ಹೋಗೋ ಹಿಂದಿನ ದಿನ."

ಮೊಹರಪ್ಪನವರು ನಿಂತಿದ್ದವರು ಕೂತರು. ಕೂತವರು ಮತ್ತೆ ಎದ್ದರು. ಪರದೆಯ ಮೇಲೆ ಒಂದು ಚಿಕ್ಕ ಗುರುತು, ಅದರ ಕೆಳಗೆ ಯಂತ್ರ ಕೊಟ್ಟ ಒಂದು ಅಂಕಿ. ಅಷ್ಟೇ. ಅದನ್ನು ಒತ್ತಿದರೆ ಆಕೆ ಮಾತಾಡುತ್ತಿದ್ದಳು. ಇದನ್ನೇ ಅವರು ಬಯಸಿದ್ದು. ಇದಕ್ಕಾಗಿಯೇ ಮೂರು ಮಂದಿಯ ಮಾನವನ್ನು ಬೀದಿಗೆ ಕೇಳುವಂತೆ ಕೂಗಿದ್ದು.

ಹಾಕು ಎಂದ ಭಾವಮೈದುನ. ಅಕ್ಕ ಕೊನೆಗೆ ಯಾರನ್ನು ನೆನೆದಳೋ ತಿಳಿಯಲಿ ಎಂದ. ಮಗ ಮೌಸಿನ ಮೇಲೆ ಬೆರಳಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದ.

ಮೊಹರಪ್ಪನವರು ಬಾಗಿಲ ಕಡೆಗೆ ತಿರುಗಿ ಕ್ರಮದಂತೆ "ಅಮ್ಮ" ಎಂದು ಒಮ್ಮೆ ಕೂಗಿದರು. ದನಿ ಕಚೇರಿಯ ದನಿಯಾಗಿ ಹೊರಟು, ಹೊಸ್ತಿಲು ಮುಟ್ಟುವಷ್ಟರಲ್ಲಿ ಒಡೆಯಿತು. ಮತ್ತೆ ಕೂಗಲು ಅವರಿಂದ ಆಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಆಕೆ ಕಂಪ್ಯೂಟರಿನ ಮುಂದೆ ಕೂತು ಅವರ ಸಿಟ್ಟನ್ನೆಲ್ಲ ಓದುತ್ತಿದ್ದದ್ದು ಅವರ ಕಣ್ಣಿಗೆ ಕಟ್ಟಿತು. ಟೈಲರನ ಮೇಲಿನ ಸಿಟ್ಟು, ಆಕೆಯ ಸ್ವಂತ ತಮ್ಮನ ಮೇಲಿನದು, ಲೋಕದ ಮೇಲಿನದು. ಓದಿ, ಹೊಟ್ಟೆಗೆ ಹಾಕಿಕೊಂಡು, ಕಳಿಸಿದೆ ಎಂದು ಹೇಳಿ, ಅವರನ್ನೂ ನೋಯಿಸದೆ ಬೀದಿಯನ್ನೂ ನೋಯಿಸದೆ ಇಷ್ಟು ವರ್ಷ ಮನೆ ನಡೆಸಿದ್ದಳು. ಏನು ಕಳಿಸಬೇಕು, ಏನು ಕಳಿಸಬಾರದು ಎಂಬುದು ಮೊಹರು ಹಿಡಿದ ತಮಗಿಂತ ಆಕೆಗೆ ಚೆನ್ನಾಗಿ ತಿಳಿದಿತ್ತು. ಆ ಅರ್ಜಿಗಳನ್ನು ಓದಿ ನೋಡಿದಂತೆ ಈ ದನಿಯನ್ನೂ ಆಕೆಯೇ ಕೇಳಿ ನೋಡಿದ್ದಾಳೆ. ಕೇಳಿ, ಬೇಡವೆಂದಿದ್ದಾಳೆ. ನೋವಿನಲ್ಲಿ ನರಳಿದ್ದಳೋ, ಯಾರನ್ನೋ ಬೈದಿದ್ದಳೋ, ಪ್ರಾರ್ಥನೆ ಹೇಳಲು ಹೋಗಿ ಉಸಿರು ಸಾಲದೆ ನಿಲ್ಲಿಸಿದ್ದಳೋ, ಅದು ಆಕೆಗೂ ಆಕೆಯ ದೇವರಿಗೂ ಗೊತ್ತು.

"ಹಾಕಬೇಡ," ಎಂದರು.

"ಅಪ್ಪ, ಅಮ್ಮನ ದನಿ ಬೇರೆಲ್ಲೂ ಇಲ್ಲ."

"ಗೊತ್ತು. ನಾನು ಹುಡುಕಿದ್ದೇ ಅದನ್ನ. ಕ್ರಮ ಗಿಮ ಎಲ್ಲ ಸುಳ್ಳು."

ತೆರೆಯದಿದ್ದರೂ ಪರವಾಗಿಲ್ಲ, ಒಂದು ಕಡೆ ಹಾಗೇ ಇಟ್ಟುಕೊಳ್ಳೋಣ ಎಂದ ಮಗ. ಮೊಹರಪ್ಪನವರಿಗೆ ಆ ಆಸೆಯೂ ಗೊತ್ತಿತ್ತು. ಇಟ್ಟುಕೊಂಡದ್ದು ಒಂದಲ್ಲ ಒಂದು ದಿನ ತೆರೆಯುತ್ತದೆ ಎಂಬುದು ಕಪಾಟು ಕಾದವನಿಗಿಂತ ಹೆಚ್ಚು ಯಾರಿಗೆ ಗೊತ್ತು.

"ಅವಳು ಒಬ್ಬಳೇ ಕೂತು ಏನೋ ಹೇಳಿ, ಬೇಡ ಅಂತ ಬಿಸಾಕಿದಾಳೆ," ಎಂದರು. "ಎತ್ತಿ ಕಿವಿಗಿಟ್ಟುಕೊಂಡ್ರೆ ಅದು ಅವಳು ನಂಗೆ ಕೊಟ್ಟಿದ್ದಾಗಲ್ಲ ಮಗು. ನಾನು ಕದ್ದಿದ್ದಾಗುತ್ತೆ."

ಭಾವಮೈದುನ ಆಕ್ಷೇಪಣೆ ಎತ್ತಿದ. ನಮ್ಮದನ್ನೆಲ್ಲ ಬಿಚ್ಚಿ ಓದಿ ಇದೊಂದನ್ನು ಮುಚ್ಚುವುದು ಯಾವ ನ್ಯಾಯ ಎಂದ. ನ್ಯಾಯವಲ್ಲ, ಆದರೂ ಆಕ್ಷೇಪಣೆಯನ್ನು ತಳ್ಳಿಹಾಕಿದ್ದೇನೆ ಎಂದರು ಮೊಹರಪ್ಪನವರು. ಆಮೇಲೆ ನಿಮ್ಮದನ್ನೂ ಓದಬಾರದಿತ್ತು ಎಂದು ಮೂವರ ಕಡೆಗೂ ನೋಡಿ ಹೇಳಿದರು. ಇಷ್ಟು ಹೇಳುವುದು ಅವರಿಗೆ ದೊಡ್ಡ ಕಷ್ಟವಾಯಿತು. ಸೊಸೆ ಎದ್ದು ಬಂದು ಅವರ ಪಕ್ಕ ನಿಂತಳು. ಸಾಕ್ಷಿ ತನಗೆ ಇನ್ನು ಕೆಲಸವಿಲ್ಲವೆಂದು ತಿಳಿದು, ಒಳಗೆ ಹೋಗಿ, ಯಾರೂ ಹೇಳದೆಯೇ ಎಲ್ಲರಿಗೂ ಚಹಾಕ್ಕೆ ನೀರಿಟ್ಟಳು.

ಮಗ ಸೊನ್ನೆ ಬರೆಯುವ ಪ್ರೋಗ್ರಾಂ ತೆರೆದ. ಅದು ಖಚಿತವೇ ಎಂದು ಕೇಳಿತು. ಮತ್ತೊಮ್ಮೆ ಕೇಳಿತು. ಮಗ ಎದ್ದು ಕುರ್ಚಿ ಬಿಟ್ಟುಕೊಟ್ಟ. ಮೊಹರಪ್ಪನವರು ಕೂತು, ಯಾವ ಗುಂಡಿ ಎಂದು ಕೇಳಿ, ಬೆರಳಿಟ್ಟು ಒತ್ತಿದರು.

ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ಮೆಲ್ಲನೆ ತುಂಬತೊಡಗಿತು. ಡಿಸ್ಕು ಒಳಗೆ ಸಣ್ಣಗೆ ಕಿರ್ರೆನ್ನುತ್ತಿತ್ತು. ಯಾರ ಫೈಲು ಎಲ್ಲಿ ಕೂತಿದೆ, ಸೊನ್ನೆಗಳು ಯಾವ ಹೊತ್ತಿಗೆ ಯಾರದ್ದರ ಮೇಲೆ ಬರುತ್ತವೆ ಎಂದು ತಿಳಿಯಲು ದಾರಿ ಇಲ್ಲ ಎಂದು ಮಗ ಮೆಲ್ಲಗೆ ಹೇಳಿದ. ಮೊಹರಪ್ಪನವರು ಕೈ ಮುಗಿದುಕೊಂಡು ಪರದೆಯನ್ನೇ ನೋಡುತ್ತಾ ಕೂತರು. ಚಹಾ ಬಂತು, ಆರಿತು. ಪಟ್ಟಿ ಅರ್ಧ ತುಂಬುವ ಹೊತ್ತಿಗೆ ಭಾವಮೈದುನನಿಗೆ ತಡೆಯಲಾಗಲಿಲ್ಲ. ಹಿಂದಿನಿಂದ ಬಗ್ಗಿ, ನನ್ನದು ಹೋಯಿತೇ ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ.

"ಸುಮ್ನಿರಪ್ಪ," ಎಂದರು ಮೊಹರಪ್ಪನವರು, ಕಣ್ಣು ಕೀಳದೆ. "ಈಗ ಯಾರದ್ದು ಹೋಗ್ತಾ ಇದೆಯೋ ಗೊತ್ತಿಲ್ಲ."